ಕಿಟಕಿಯಲ್ಲಿ ಕಾಣದ ಹೆಸರು

ಬೆಳಗಿನ ಐದೂಮುಕ್ಕಾಲು. ಅಂಚೆ ವಿಂಗಡಣಾ ಕಚೇರಿಯ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ದೀಪ ಹೊತ್ತಿದೆ. ಕೆಳಗಿನ ಅಂಗಳದಲ್ಲಿ ವ್ಯಾನುಗಳು ಹಿಂದಕ್ಕೆ ಸರಿದು ಕಟ್ಟೆಗೆ ಬೆನ್ನು ಹಚ್ಚುತ್ತಿವೆ. ಮೇಲೆ ಉದ್ದನೆಯ ಮರದ ಮೇಜಿನ ಮುಂದೆ, ಬೂದು ಬಣ್ಣದ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಒಂದು ಲಕೋಟೆ ಎತ್ತಿಕೊಂಡು ಅದರ ಎಡ ಅಂಚನ್ನು ಮೇಜಿಗೆ ಕುಟ್ಟುತ್ತಾರೆ. ಆಮೇಲೆ ಬಲ ಅಂಚು. ಆಮೇಲೆ ಕೆಳ ಅಂಚು. ಲಕೋಟೆಯ ಮುಂಭಾಗದಲ್ಲಿ ಪಾರದರ್ಶಕ ಕಾಗದದ ಪುಟ್ಟ ಕಿಟಕಿಯಿದೆ. ಅದರೊಳಗೆ ಇಣುಕಿ, ಹೆಸರು ಪೂರ್ತಿ ಕಾಣುತ್ತಿದೆ ಎಂದು ಖಾತ್ರಿಯಾದ ಮೇಲೆ ಪಕ್ಕದ ತಟ್ಟೆಗೆ ಹಾಕುತ್ತಾರೆ. ಮುಂದಿನದು. ಮತ್ತೆ ಅದೇ ಮೂರು ಸಲ.

ಕಚೇರಿಯಲ್ಲಿ ಎಲ್ಲರೂ ಇವರನ್ನು ಪತ್ತೆಯಕ್ಕ ಎನ್ನುತ್ತಾರೆ. ವಯಸ್ಸು ಐವತ್ತಾರು. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಇದೇ ಕೋಣೆಯಲ್ಲಿ ಕಳೆದಿವೆ. ಯಂತ್ರ ಓದಲಾರದ, ಕೆಳಗಿನ ವಿಂಗಡಣೆಗಾರರೂ ಕೈಚೆಲ್ಲಿದ ಕಾಗದಗಳು ಕೊನೆಗೆ ಬರುವುದು ಇವರ ಮೇಜಿಗೆ.

ಇವತ್ತಿನ ಮೊದಲ ಗಿರಾಕಿಯೇ ಸೊಗಸಾಗಿದೆ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಇಷ್ಟೇ: 'ಗಡಿಯಾರದ ಎದುರು, ಮೆಟ್ಟಿಲು ಹತ್ತಿದ ಕೂಡಲೇ, ಅತ್ತೆಗೆ.'

"ಅತ್ತೆ ಅಂದ್ರೆ ಯಾರ ಅತ್ತೆ? ಊರಲ್ಲಿ ಅರ್ಧಕ್ಕರ್ಧ ಹೆಂಗಸರು ಯಾರಿಗಾದ್ರೂ ಅತ್ತೆನೇ," ಎಂದು ನಗುತ್ತಾರೆ ಪತ್ತೆಯಕ್ಕ. ಕಾಗದವನ್ನು ತಿರುವಿ ನೋಡುತ್ತಾರೆ. ಊರಿನಲ್ಲಿ ಗೋಪುರದ ಗಡಿಯಾರಗಳು ಎರಡು. ಒಂದರ ಎದುರು ಮೈದಾನ, ಅಲ್ಲಿ ಮೆಟ್ಟಿಲೇ ಇಲ್ಲ. ಇನ್ನೊಂದು ರೈಲು ನಿಲ್ದಾಣದ್ದು, ಎದುರಿಗೆ ಮೂರು ಮಾಳಿಗೆ ಮನೆಗಳಿವೆ. ಆ ಬೀದಿಯ ಅಂಚೆಯವನಿಗೆ ಫೋನು ಹೋಗುತ್ತದೆ. ನಡುವಿನ ಮನೆಯ ಹೊಲಿಗೆ ಹೆಂಗಸಿಗೆ ಸೋದರಳಿಯ ತಿಂಗಳಿಗೊಂದು ಕಾಗದ ಬರೆಯುತ್ತಾನಂತೆ. ಎರಡು ನಿಮಿಷದಲ್ಲಿ ಅತ್ತೆ ಪತ್ತೆ.

ಈ ಓದುವ ವಿದ್ಯೆ ಬಂದದ್ದು ಅಪ್ಪನಿಂದ. ಅಪ್ಪ ಅಂಗಡಿಗಳಿಗೆ ಹೆಸರಿನ ಹಲಗೆ ಬರೆಯುತ್ತಿದ್ದರು. ಗಿರಾಕಿಗಳು ಬೀಡಿ ಪೊಟ್ಟಣದ ಮೇಲೆ, ಅಂಗೈ ಮೇಲೆ ಗೀಚಿ ಕೊಟ್ಟದ್ದನ್ನೆಲ್ಲ ಓದಿ ಹೇಳುವ ಕೆಲಸ ಮಗಳದು. ಒಂದಕ್ಷರ ತಪ್ಪಿದರೆ ಇಡೀ ಹಲಗೆ ಮತ್ತೆ ಬಳಿಯಬೇಕಿತ್ತು. ಏಣಿಯಿಂದ ಬಿದ್ದು ಅಪ್ಪನ ಸೊಂಟ ಮುರಿದಾಗ ಮಗಳಿಗೆ ಇಪ್ಪತ್ತೆರಡು. ಕಚೇರಿ ಗುಡಿಸುವ ಕೆಲಸಕ್ಕೆ ಸೇರಿದರು. ಐದು ವರ್ಷ ಗುಡಿಸಿದ ಮೇಲೆ ಒಂದು ದಿನ, ನೆಲಕ್ಕೆ ಬಿದ್ದಿದ್ದ ಕಾಗದವೊಂದರ ವಿಳಾಸವನ್ನು ನಾಲ್ಕು ಜನ ಸೇರಿ ಓದಲಾರದೆ ಒದ್ದಾಡುತ್ತಿದ್ದಾಗ, ಪೊರಕೆ ಹಿಡಿದುಕೊಂಡೇ ಓದಿ ಹೇಳಿದರು. ಮೂರನೇ ದಿನಕ್ಕೆ ಪೊರಕೆ ಬಿಟ್ಟು ಮೇಜಿಗೆ ಬಂದರು.

ಕಚೇರಿಗೆ ದಿನಕ್ಕೆ ಬರುವ ಕಾಗದಗಳು ಎರಡು ಲಕ್ಷ ಎಂಬತ್ತು ಸಾವಿರ. ಅದರಲ್ಲಿ ಈ ಕೋಣೆಗೆ ಏರಿ ಬರುವುದು ಸುಮಾರು ನಾನೂರು. ಮುನ್ನೂರ ಹತ್ತಕ್ಕೆ ಪತ್ತೆಯಕ್ಕ ದಾರಿ ತೋರಿಸುತ್ತಾರೆ. ಐವತ್ತರಷ್ಟು ಕಳಿಸಿದವರಿಗೇ ವಾಪಸು ಹೋಗುತ್ತವೆ. ಮಿಕ್ಕ ನಲವತ್ತಕ್ಕೆ ಅತ್ತ ಹೋಗುವ ವಿಳಾಸವೂ ಇಲ್ಲ, ಇತ್ತ ಕಳಿಸಿದವರ ವಿಳಾಸವೂ ಇಲ್ಲ. ಅವುಗಳ ಮೇಲೆ 'ವಿಳಾಸ ತಿಳಿಯದು' ಎಂಬ ಮುದ್ರೆ ಒತ್ತಿ, ಆಯಾ ದಿನದ ಕಟ್ಟು ಕಟ್ಟಿ, ಚೀಲದಲ್ಲಿಡಬೇಕು. ಅರವತ್ತು ದಿನ ಯಾರೂ ಕೇಳಿಕೊಂಡು ಬರದಿದ್ದರೆ ಮಾತ್ರ ಮೇಲ್ವಿಚಾರಕರ ಎದುರಿಗೆ ಒಡೆದು ನೋಡಬಹುದು. ಅದು ನಿಯಮ.

ವಿಳಾಸ ಬರೆಯುವುದು ಹೇಗೆಂದು ಕೇಳಿದರೆ ಪತ್ತೆಯಕ್ಕನ ಬಾಯಿಗೆ ಬಿಡುವಿಲ್ಲ. "ದೊಡ್ಡ ವಿದ್ಯೆ ಏನಲ್ಲ. ಯಾರಿಗೆ ಹೋಗ್ಬೇಕೋ ಅವರ ಹೆಸರು ಮೊದಲು. ಆಮೇಲೆ ಮನೆ ನಂಬರು, ಬೀದಿ, ಊರು. ಅಂಚೆ ಸಂಖ್ಯೆ ಕೊನೇ ಸಾಲಲ್ಲಿ. ಅದರ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿ ಬಿಡಿ, ಅಲ್ಲಿ ಯಂತ್ರ ತನ್ನ ಗೆರೆ ಹಾಕ್ಕೊಳತ್ತೆ. ಜನ ಅಲ್ಲೇ ಹೂವು ಬರೀತಾರೆ! ಕಡುಗೆಂಪು ಲಕೋಟೆ ಮೇಲೆ ಕಪ್ಪು ಶಾಯೀಲಿ ಬರೆದು ಕಳಿಸ್ತಾರೆ. ಯಂತ್ರಕ್ಕಿರಲಿ, ಬೆಕ್ಕಿಗೂ ಕಾಣ್ಸಲ್ಲ." ಒಬ್ಬ ಮಹಾಶಯ ಲಕೋಟೆಯೊಳಗೆ ಬೀರುವಿನ ಕೀಲಿ ಹಾಕಿದ್ದ. ಯಂತ್ರದ ಪಟ್ಟಿ ಹರಿದು ಮೂರು ಗಂಟೆ ಕೆಲಸ ನಿಂತಿತು. ಇನ್ನೊಬ್ಬರು ಕಳಿಸುವವರ ವಿಳಾಸವನ್ನು ಬಲಗಡೆ ನಡುಮಧ್ಯೆ ದಪ್ಪಕ್ಕೆ ಬರೆದು, ತಲುಪಬೇಕಾದವರದನ್ನು ಮೂಲೆಯಲ್ಲಿ ಸಣ್ಣಗೆ ಬರೆದಿದ್ದರು. ಕಾಗದ ಮೂರು ಸಲ ಅವರ ಮನೆಗೇ ಹೋಯಿತು. "ನಾಲ್ಕನೇ ಸಲ ಇಲ್ಲಿಗೇ ಬಂದು ಜಗಳ ಆಡಿದ್ರು. ನಾನಂದೆ, ಸ್ವಾಮಿ, ನೀವು ಕರೆದ್ರಿ, ಅದು ಬಂತು."

ಮನೆಯಲ್ಲಿ ಇವರಿಗಿಂತ ಚುರುಕು ನಾಲಿಗೆಯ ಅತ್ತೆ ಇದ್ದಾರೆ. ಎಂಬತ್ತೊಂದು ವರ್ಷ. "ನನ್ನ ಸೊಸೆಗೆ ಊರೋರ ಮನೆ ಬಾಗಿಲೆಲ್ಲ ಗೊತ್ತು. ನಮ್ಮನೆ ಬೀಗದ ಕೈ ಎಲ್ಲಿಟ್ಳು ಅಂತ ಮಾತ್ರ ಗೊತ್ತಿರಲ್ಲ," ಎನ್ನುತ್ತಾರೆ. ಸೊಸೆ ತಲೆಯಾಡಿಸಿ ಒಪ್ಪಿಕೊಳ್ಳುತ್ತಾರೆ.

ಇಷ್ಟೇ ಆಗಿದ್ದರೆ ಇದು ನಗುನಗುತ್ತಾ ಮುಗಿಯುವ ಕಥೆ. ಆದರೆ ಲಕೋಟೆಯ ಅಂಚು ಕುಟ್ಟುವ ಆ ಅಭ್ಯಾಸ ಎಂದಿನಿಂದ ಎಂದು ಕೇಳಿದಾಗ ಪತ್ತೆಯಕ್ಕ ಕೈಲಿದ್ದ ಕಾಗದವನ್ನು ಕೆಳಗಿಡುತ್ತಾರೆ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬರುತ್ತಾರೆ.

ಎರಡು ವರ್ಷದ ಹಿಂದಿನ ಮಾತು. ಒಂದು ಬೆಳಗ್ಗೆ ಮೇಜಿನ ಮೇಲೆ ಒಂದೇ ಜಾತಿಯ ನಾಲ್ಕು ಲಕೋಟೆಗಳು ಸಿಕ್ಕವು. ಬಿಳಿ ಲಕೋಟೆ, ಮುಂದೆ ಕಿಟಕಿ. ಕಿಟಕಿಯೊಳಗೆ ಬರೀ ಬಿಳಿ ಕಾಗದ. ಹೊರಗೆ ಕಳಿಸಿದವರ ಹೆಸರಿಲ್ಲ, ಊರಿಲ್ಲ. ಇಂಥವನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಮೂಲೆಯ ಚೀಲ ಬಿಚ್ಚಿ ಹಿಂದಿನ ದಿನದ ಕಟ್ಟು ತೆಗೆದರು. ಅದರಲ್ಲಿ ಮೂರು. ಅದರ ಹಿಂದಿನ ದಿನದ್ದರಲ್ಲಿ ಐದು. ಬಿಚ್ಚುತ್ತ ಬಿಚ್ಚುತ್ತ ಮೇಜು ತುಂಬಿತು. ಆರು ವಾರದ ಕಟ್ಟುಗಳಲ್ಲಿ ಒಟ್ಟು ನೂರ ನಲವತ್ತಮೂರು. ಎಲ್ಲದರ ಮೇಲೂ ಅವರೇ ಒತ್ತಿದ ಮುದ್ರೆ.

ಮೇಲ್ವಿಚಾರಕರನ್ನು ಕರೆತಂದು ತೋರಿಸಿದರು. ಅವರು ನಿಯಮದ ಮನುಷ್ಯ. "ಅರವತ್ತು ದಿನ ಆಗೋವರೆಗೆ ಒಡೆಯೋ ಹಾಗಿಲ್ಲ, ನಿಮಗೇ ಗೊತ್ತಲ್ಲ," ಎಂದರು.

"ಒಡೆಯಲ್ಲ ಸಾರ್. ಕುಟ್ತೀನಿ. ಕುಟ್ಬಾರ್ದು ಅಂತ ನಿಯಮ ಇದೆಯಾ?"

ಅವರು ಯೋಚಿಸಿದರು. "ಇಲ್ಲ," ಎಂದರು.

ಒಳಗಿನ ಕಾಗದ ಮಡಿಸಿದ್ದು ಸರಿಯಿಲ್ಲದೆ ಮೇಲಕ್ಕೆ ಸರಿದು ಕೂತಿರಬೇಕು ಎಂಬುದು ಪತ್ತೆಯಕ್ಕನ ಊಹೆ. ಮೇಲಿದ್ದ ಲಕೋಟೆಯನ್ನೇ ಎತ್ತಿಕೊಂಡು ಕೆಳ ಅಂಚನ್ನು ಬಲವಾಗಿ ಕುಟ್ಟಿದರು. ಕಾಗದ ಕೂದಲೆಳೆಯಷ್ಟು ಜಾರಿತು. ಮತ್ತೆರಡು ಸಲ ಕುಟ್ಟಿದರು. ಕಿಟಕಿಯ ಮೇಲಂಚಿನಲ್ಲಿ ಕಪ್ಪಕ್ಷರದ ಒಂದು ಸಾಲು ಇಣುಕಿತು. ಅದು ಊರು, ಅದರ ಹಿಂದೆಯೇ ಮನೆ ನಂಬರು ಮತ್ತು ಬೀದಿ. ಇನ್ನೊಂದು ಏಟಿಗೆ ಹೆಸರೂ ಇಳಿದು ಬಂತು.

ಪತ್ತೆಯಕ್ಕ ಮತ್ತೊಮ್ಮೆ ಓದಿದರು. ಹೆಸರು ಪರಿಚಿತ, ಬೀದಿ ಪರಿಚಿತ. ಅದು ಕೆಳಗೆ ಅಂಗಳದಲ್ಲಿ ಆಗಷ್ಟೇ ಚೀಲ ಇಳಿಸುತ್ತಿದ್ದ ವ್ಯಾನಣ್ಣನದು.

ವ್ಯಾನಣ್ಣನೆಂದರೆ ಹದಿನೇಳು ವರ್ಷದಿಂದ ಬೆಳಗಿನ ಟಪಾಲು ತರುತ್ತಿದ್ದ ಚಾಲಕ. ದೊಡ್ಡ ಗಂಟಲು. ಅವನ ವ್ಯಾನಿಗೆ ಹಾರನ್ನೇ ಬೇಡ ಎಂದು ಕಚೇರಿಯವರು ನಗುತ್ತಿದ್ದರು. ಗೇಟಿನಲ್ಲಿ ಅವನು "ಬಂತೂ!" ಎಂದು ಕೂಗಿದರೆ ಎರಡನೇ ಮಹಡಿಯವರಿಗೂ ಕೇಳುತ್ತಿತ್ತು. ಪತ್ತೆಯಕ್ಕನಿಗೆ ಅವನು ತಮ್ಮನಿದ್ದ ಹಾಗೆ. ಅವರ ಕೋಣೆಯ ಚೀಲಗಳನ್ನು ಹೊತ್ತು ಮೇಲೆ ತಂದು ಹಾಕುತ್ತಿದ್ದವನೂ ಅವನೇ. ಅಂಚೆಯ ಮುದ್ರೆ ನೋಡಿದರೆ ಆ ಕಾಗದಕ್ಕೆ ಮೂವತ್ತೊಂದು ದಿನ ವಯಸ್ಸಾಗಿತ್ತು. ಎಂದರೆ ತನ್ನ ಹೆಸರಿನ ಕಾಗದವನ್ನು ತಾನೇ ಬೆನ್ನ ಮೇಲೆ ಹೊತ್ತು, ನಲವತ್ತು ಮೆಟ್ಟಿಲು ಹತ್ತಿ, ಈ ಮೂಲೆಯಲ್ಲಿಟ್ಟು ಹೋಗಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುವುದುಂಟು. ಇವನಿಗೆ ಹುಡುಕಬೇಕೆಂದೂ ಗೊತ್ತಿರಲಿಲ್ಲ.

ಕಾಗದ ಹಿಡಿದು ಪತ್ತೆಯಕ್ಕ ಕೆಳಗಿಳಿದರು.

"ಏನಕ್ಕಾ, ಈ ಹೊತ್ತಲ್ಲಿ ಕೆಳಗೆ? ಕಟ್ಟಡಕ್ಕೆ ಬೆಂಕಿ ಬಿತ್ತಾ?" ಎಂದ ವ್ಯಾನಣ್ಣ.

"ನಿನಗೊಂದು ಕಾಗದ."

"ನನಗಾ? ನನಗೆ ಯಾರು ಬರೀತಾರೆ, ಸಾಲ ಕೊಟ್ಟೋರೂ ಫೋನೇ ಮಾಡ್ತಾರೆ." ನಗುತ್ತಲೇ ಚೀಲದ ಮೇಲೆ ಕೂತು ಲಕೋಟೆ ಹರಿದ. ಓದಿದ. ಮತ್ತೆ ಮೊದಲಿನಿಂದ ಓದಿದ. ಆಮೇಲೆ ಕಾಗದವನ್ನು ಪತ್ತೆಯಕ್ಕನ ಕೈಗೆ ಕೊಟ್ಟು, "ಅಕ್ಕ, ನೀನು ಓದು. ನಾನು ಓದಿದ್ದು ಸರಿ ಇಲ್ಲ ಅನ್ಸತ್ತೆ," ಎಂದ.

ಅವನು ಓದಿದ್ದು ಸರಿಯಾಗಿಯೇ ಇತ್ತು. ಗಂಟಲ ಪರೀಕ್ಷೆಯಲ್ಲಿ ಗೆಡ್ಡೆ ಕಂಡುಬಂದಿದೆ, ಏಳು ದಿನದೊಳಗೆ ತಪ್ಪದೆ ಆಸ್ಪತ್ರೆಗೆ ಬನ್ನಿ ಎಂದಿತ್ತು.

"ಪರೀಕ್ಷೆ ಮಾಡಿಸಿದ್ದು ನಂಗೆ ಹೇಳ್ಲೇ ಇಲ್ವಲ್ಲೋ!"

"ಹೇಳೋದೇನಿತ್ತು? ಅವರೇ ಹೇಳಿದ್ರಲ್ಲ. ತೊಂದರೆ ಇದ್ರೆ ಕಾಗದ ಬರತ್ತೆ, ಬರ್ಲಿಲ್ಲ ಅಂದ್ರೆ ಚೆನ್ನಾಗಿದೀನಿ ಅಂತ ತಿಳ್ಕೊ ಅಂತ. ಬರ್ಲಿಲ್ಲ. ಚೆನ್ನಾಗಿದೀನಿ ಅಂತ ತಿಳ್ಕೊಂಡೆ."

ಈ ಮಾತು ಕೇಳಿದ ಕ್ಷಣ ಪತ್ತೆಯಕ್ಕನಿಗೆ ಮೇಲಿನ ಮೇಜು ಕಣ್ಣ ಮುಂದೆ ಬಂತು. ಇನ್ನೂ ನೂರ ನಲವತ್ತೆರಡು ಲಕೋಟೆಗಳು. ನೂರ ನಲವತ್ತೆರಡು ಮನೆಗಳಲ್ಲಿ ಜನ ಡಬ್ಬಿ ತೆರೆದು ನೋಡಿ, ಕಾಗದವಿಲ್ಲ ಎಂದು ನೆಮ್ಮದಿಯಿಂದ ಒಳಗೆ ಹೋಗುತ್ತಿದ್ದಾರೆ. "ಮೆಟ್ಟಿಲು ಹೇಗೆ ಹತ್ತಿದೆನೋ ಇವತ್ತಿಗೂ ನೆನಪಿಲ್ಲ," ಎನ್ನುತ್ತಾರೆ.

ಮೇಲ್ವಿಚಾರಕರಿಗೆ ವಿಷಯ ತಿಳಿಸಿದರು. ಹತ್ತು ನಿಮಿಷದ ಹಿಂದೆ ಅರವತ್ತು ದಿನ ಎಂದಿದ್ದವರು ಒಂದು ಬಿಳಿ ಹಾಳೆ ತೆಗೆದು, 'ನನ್ನ ಹೊಣೆಯ ಮೇಲೆ ಒಡೆಯಲು ಅನುಮತಿ ನೀಡಿದ್ದೇನೆ' ಎಂದು ಬರೆದು ಸಹಿ ಹಾಕಿದರು. ಅವರೇ ಅಂಗಿಯ ತೋಳು ಮಡಿಸಿ ಮೇಜಿಗೆ ಕೂತರು. ಎಲ್ಲ ಲಕೋಟೆಗಳನ್ನೂ ಕುಟ್ಟಿದರು. ವ್ಯಾನಣ್ಣನದೂ ಸೇರಿ ತೊಂಬತ್ತಾರರಲ್ಲಿ ವಿಳಾಸ ಕಾಣಿಸಿತು. ನಲವತ್ತೇಳರಲ್ಲಿ ಎಷ್ಟು ಕುಟ್ಟಿದರೂ ಕಾಣಲಿಲ್ಲ. ಅವನ್ನು ಒಡೆದರು. ಪ್ರತಿಯೊಂದರಲ್ಲೂ ಅದೇ ಆಸ್ಪತ್ರೆಯ ಹೆಸರು. ಪ್ರತಿಯೊಂದರಲ್ಲೂ ಮತ್ತೆ ಬನ್ನಿ ಎಂಬ ಕರೆ.

ಆಸ್ಪತ್ರೆಗೆ ಪತ್ತೆಯಕ್ಕ, ಮೇಲ್ವಿಚಾರಕರು ಇಬ್ಬರೂ ಒಟ್ಟಿಗೆ ಹೋದರು. ದಾಖಲೆ ವಿಭಾಗದ ಮುಖ್ಯಸ್ಥೆ ಮೊದಲು ನಂಬಲಿಲ್ಲ. ಆರು ವಾರದ ಹಿಂದೆ ಕಾಗದ ಮಡಿಸುವ ಹೊಸ ಯಂತ್ರ ಬಂದಿತ್ತು. ಅದು ಮಡಿಕೆಯನ್ನು ಒಂದು ಬೆರಳಿನಷ್ಟು ಆಚೆ ಹಾಕುತ್ತಿತ್ತು. ಅಷ್ಟಕ್ಕೇ ವಿಳಾಸ ಕಿಟಕಿ ದಾಟಿ ಮೇಲೆ ಹೋಗಿತ್ತು. ಲಕೋಟೆಯ ಮೇಲೆ ಆಸ್ಪತ್ರೆಯ ಹೆಸರು ಹಾಕದಿದ್ದುದಕ್ಕೂ ಕಾರಣವಿತ್ತು. ಯಾರಿಗೆ ಕಾಯಿಲೆ ಎಂದು ಅಕ್ಕಪಕ್ಕದವರಿಗೆ ತಿಳಿಯಬಾರದು ಎಂಬ ಒಳ್ಳೆಯ ಉದ್ದೇಶ.

"ಆರು ವಾರ ಒಬ್ಬರೂ ಬರ್ಲಿಲ್ವಲ್ಲ, ನಿಮಗೆ ಏನೂ ಅನ್ನಿಸ್ಲಿಲ್ವಾ?" ಎಂದು ಕೇಳಿದರು ಪತ್ತೆಯಕ್ಕ.

ಆಕೆ ಕಡತ ತೆರೆದು ಪಟ್ಟಿ ನೋಡಿದರು. "ಬೇರೆ ಕಡೆ ತೋರಿಸ್ಕೊಂಡಿರ್ತಾರೆ ಅಂದ್ಕೊಂಡ್ವಿ," ಎಂದರು. ಆಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು.

ಅಲ್ಲಿಗೆ ಮೂರು ಕಡೆಯಲ್ಲೂ ಒಂದೇ ಕಥೆಯಾಗಿತ್ತು. ರೋಗಿಗಳು ಕಾಗದ ಬರಲಿಲ್ಲ, ಚೆನ್ನಾಗಿದ್ದೇವೆ ಎಂದುಕೊಂಡರು. ಆಸ್ಪತ್ರೆಯವರು ರೋಗಿ ಬರಲಿಲ್ಲ, ಬೇರೆಡೆ ಹೋದರು ಎಂದುಕೊಂಡರು. ಅಂಚೆಯವರು ವಿಳಾಸ ಕಾಣಲಿಲ್ಲ, ಮುದ್ರೆ ಒತ್ತಿದರು. ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಕೆಲಸಗಳ್ಳರಲ್ಲ.

ಅಂದು ಮತ್ತು ಮರುದಿನ ಅಂಚೆಯವರು ಬೇರೆ ಟಪಾಲನ್ನೆಲ್ಲ ಬದಿಗಿಟ್ಟು ಈ ಕಾಗದಗಳನ್ನೇ ಹಂಚಿದರು. ಏಳು ದಿನದೊಳಗೆ ಬನ್ನಿ ಎಂದಿದ್ದವು ಹನ್ನೊಂದು. ಅವುಗಳಲ್ಲೊಂದನ್ನು ನೇರವಾಗಿ ಕೈಗೆ ಕೊಡಲು ಆಗಲಿಲ್ಲ. ಕಾಗದದಲ್ಲಿದ್ದ ಮನೆಯನ್ನು ಕೆಡವಿ ಆರು ತಿಂಗಳಾಗಿತ್ತು. ಅದನ್ನು ಪತ್ತೆಯಕ್ಕ ತಾವೇ ತೆಗೆದುಕೊಂಡು ಹೊರಟರು. ಹಳೆಯ ಬೀದಿಯ ಇಸ್ತ್ರಿ ಅಂಗಡಿಯವನನ್ನು ಕೇಳಿ, ಅವನು ಹೇಳಿದ ಶಾಲೆಯ ಆಯಾಳನ್ನು ಕೇಳಿ, ಮಧ್ಯಾಹ್ನ ಮೂರರ ಹೊತ್ತಿಗೆ ಮೂರನೇ ಮಹಡಿಯ ಒಂದು ಮನೆಯ ಗಂಟೆ ಒತ್ತಿದರು. ಮೂವತ್ತರ ಆಸುಪಾಸಿನ ಮಗಳು ಬಾಗಿಲು ತೆರೆದಳು. ಕಾಗದದ ಮೇಲಿನ ಹೆಸರು ಹೇಳಿ, "ಇದ್ದಾರಾ?" ಎಂದು ಕೇಳಿದರು.

"ಅಮ್ಮ ಹೋಗಿ ಹನ್ನೊಂದು ದಿನ ಆಯ್ತು," ಎಂದಳು ಆಕೆ.

ಪತ್ತೆಯಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತರು. ಒಳಗೆ ಕರೆದು ಕೂರಿಸಿ ನೀರು ಕೊಟ್ಟವಳು ಆ ಮಗಳೇ. ಕಾಗದವನ್ನು ಅವಳೇ ಓದಿದಳು. ತಲೆಯೊಳಗಿನ ರಕ್ತನಾಳವೊಂದು ಉಬ್ಬಿದೆ, ಏಳು ದಿನದೊಳಗೆ ಬನ್ನಿ ಎಂದಿತ್ತು.

"ಮನೆ ಬದಲಾಯಿಸಿದ ಮೇಲೆ ಅಮ್ಮ ದಿನಾ ಹಳೇ ಬೀದಿಗೆ ಹೋಗಿ ಇಸ್ತ್ರಿ ಅಂಗಡೀಲಿ ಕೇಳ್ಕೊಂಡು ಬರೋರು. ಹಳೇ ಅಡ್ರೆಸ್ಸಿನ ಟಪಾಲೆಲ್ಲ ಅಲ್ಲೇ ಕೊಡೋರಲ್ಲ. ಕೊನೇ ದಿನಾನೂ ಹೋಗಿದ್ರು. ಬಂದು, ಇಲ್ಲಮ್ಮ, ಇವತ್ತೂ ಬಂದಿಲ್ಲ, ಗೆದ್ದೆ ಕಣೇ ಅಂದ್ರು. ಸಾಯಂಕಾಲ ಬಟ್ಟೆ ಮಡಿಸ್ತಾ ಕೂತಲ್ಲೇ ಒರಗಿದ್ರು."

ಲೆಕ್ಕ ಪತ್ತೆಯಕ್ಕನಿಗೆ ಬಾಯಿಪಾಠ. ಆ ಕಾಗದ ಅವರ ಚೀಲದಲ್ಲಿ ಇಪ್ಪತ್ತಾರು ದಿನ ಇತ್ತು. ತಾಯಿ ತೀರಿಕೊಂಡಾಗ ಅದು ಬಂದು ಹದಿನೈದನೆಯ ದಿನ. "ನನ್ನ ಮೇಜಿಂದ ಆರಡಿ ದೂರ. ದಿನಾ ಅದರ ಪಕ್ಕಾನೇ ಚಪ್ಪಲಿ ಬಿಡ್ತಿದ್ದೆ. ನಾನು ನಿಯಮ ಮೀರ್ಲಿಲ್ಲ. ಅದೇ ನೋಡಿ ನಂಗೆ ಅರಗದೇ ಇರೋದು. ನಿಯಮ ಮೀರಿ ತಪ್ಪು ಮಾಡಿದ್ರೆ ಕ್ಷಮೆ ಕೇಳ್ಬಹುದಿತ್ತು."

ಆ ಸಂಜೆ ಮನೆಗೆ ಬಂದವರು ತಟ್ಟೆಯ ಮುಂದೆ ಕೂತು ಎದ್ದುಬಿಟ್ಟರು. ಅತ್ತೆ ಯಾವ ತಮಾಷೆಯನ್ನೂ ಮಾಡಲಿಲ್ಲ. ಸೊಸೆಯ ಬಲಗೈ ಹಿಡಿದುಕೊಂಡು, ಮುದ್ರೆಯ ಶಾಯಿ ಮೆತ್ತಿದ ಹೆಬ್ಬೆರಳನ್ನು ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದರು. "ಈ ಶಾಯಿ ಹೋಗಲ್ಲ ಅತ್ತೆ, ಹಳೇದು," ಎಂದರು ಸೊಸೆ. "ಹೋಗದಿದ್ರೆ ಬೇಡ. ಸುಮ್ನೆ ಕೂತ್ಕೋ," ಎಂದರು ಅತ್ತೆ.

ವ್ಯಾನಣ್ಣನಿಗೆ ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಒಂದು ತಿಂಗಳು ಮೊದಲೇ ಬಂದಿದ್ದರೆ ದನಿಯೂ ಉಳಿಯುತ್ತಿತ್ತೇ ಎಂದು ಪತ್ತೆಯಕ್ಕ ವೈದ್ಯರನ್ನು ಕೇಳಿದರು. "ಉಳೀತಿತ್ತೇನೋ. ಖಂಡಿತ ಅಂತ ಹೇಳಕ್ಕಾಗಲ್ಲ," ಎಂದರು ಅವರು. ಈಗ ವ್ಯಾನಣ್ಣ ಕೆಳಗಿನ ಅಂಗಳದಲ್ಲಿ ಚೀಲಗಳ ಪಟ್ಟಿ ಬರೆಯುತ್ತಾನೆ. ಏನಾದರೂ ಹೇಳಬೇಕಾದರೆ ಕಿವಿಯ ಹತ್ತಿರ ಬಂದು ಪಿಸುಗುಡುತ್ತಾನೆ. ಹೊಸಬರು ಇವನೇನೋ ಗುಟ್ಟು ಹೇಳುತ್ತಿದ್ದಾನೆಂದು ಬಗ್ಗಿ ಕೇಳಿದರೆ, "ಚೀಲ ಹದಿನಾಲ್ಕು" ಎಂದಿರುತ್ತಾನೆ. ಪತ್ತೆಯಕ್ಕನ ಮೇಲೆ ಅವನಿಗೆ ಎಳ್ಳಷ್ಟೂ ಮುನಿಸಿಲ್ಲ. "ಅಕ್ಕ ಕುಟ್ಟದೇ ಇದ್ದಿದ್ರೆ ನಾನು ಇಷ್ಟು ಹೇಳಕ್ಕೂ ಇರ್ತಿರ್ಲಿಲ್ಲ," ಎಂದು ಪಿಸುಗುಡುತ್ತಾನೆ.

ಆಮೇಲೆ ಕೆಲವು ಬದಲಾವಣೆಗಳಾದವು. ಆ ಆಸ್ಪತ್ರೆ ಈಗ ಫಲಿತಾಂಶ ಚೆನ್ನಾಗಿದ್ದರೂ ಕಾಗದ ಬರೆಯುತ್ತದೆ, ಹತ್ತು ದಿನದಲ್ಲಿ ರೋಗಿ ಬಾರದಿದ್ದರೆ ಫೋನು ಮಾಡುತ್ತದೆ. ಲಕೋಟೆಯ ಹಿಂದೆ ಹೆಸರಿಲ್ಲದೆ ಬರೀ ಒಂದು ಪೆಟ್ಟಿಗೆ ಸಂಖ್ಯೆ ಇರುತ್ತದೆ. ಗುಟ್ಟೂ ಉಳಿಯಿತು, ವಾಪಸು ಬರುವ ದಾರಿಯೂ ಉಳಿಯಿತು. ಮೇಲ್ವಿಚಾರಕರು ಹಟ ಹಿಡಿದು, ಹೆಸರು ಕಾಣದ ಕಿಟಕಿ ಲಕೋಟೆಗಳನ್ನು ಅಂದೇ ಒಡೆಯಬಹುದು ಎಂಬ ಆದೇಶ ಬರೆಸಿಕೊಂಡರು. ತಿಂಗಳಿಗೆರಡು ಸಲ ಪತ್ತೆಯಕ್ಕ ದೊಡ್ಡ ಕಚೇರಿಗಳ ಟಪಾಲು ಕೋಣೆಗಳಿಗೆ ಹೋಗಿ, ಕಾಗದ ಹೇಗೆ ಮಡಿಸಬೇಕು, ಕಳಿಸುವ ಮೊದಲು ಹೇಗೆ ಕುಟ್ಟಿ ನೋಡಬೇಕು ಎಂದು ತೋರಿಸಿಕೊಡುತ್ತಾರೆ. ಟೈ ಕಟ್ಟಿದ ಅಧಿಕಾರಿಗಳು ಮೊದಲು ಮುಸಿಮುಸಿ ನಗುತ್ತಾರೆ. ಪತ್ತೆಯಕ್ಕ ಅವರದೇ ಕಚೇರಿಯ ನೂರು ಲಕೋಟೆ ತರಿಸಿ ಕುಟ್ಟುತ್ತಾರೆ. ಏಳೋ ಎಂಟೋ ಹೆಸರುಗಳು ಕಿಟಕಿಯಿಂದ ಮಾಯವಾಗುತ್ತವೆ. ಆಮೇಲೆ ಯಾರೂ ನಗುವುದಿಲ್ಲ.

ಕಳೆದ ವರ್ಷ ಇಲಾಖೆ ಸನ್ಮಾನ ಮಾಡುತ್ತೇವೆಂದು ಕರೆಯಿತು. ಆಹ್ವಾನ ಪತ್ರಿಕೆಯಲ್ಲಿ 'ನೂರ ನಲವತ್ತಮೂರು ಜೀವಗಳಿಗೆ ಕಾಗದ ತಲುಪಿಸಿದ ಸಾಧಕಿ' ಎಂದು ಅಚ್ಚಾಗಿತ್ತು. ಪತ್ತೆಯಕ್ಕ ಹೋಗಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದರು. ಶಾಲು ಮತ್ತು ಫಲಕವನ್ನು ಮೇಲ್ವಿಚಾರಕರೇ ತಂದುಕೊಟ್ಟರು. ಫಲಕ ಈಗ ಅತ್ತೆಯ ಕೋಣೆಯಲ್ಲಿದೆ. ಬಂದವರಿಗೆಲ್ಲ ಅತ್ತೆ ತೋರಿಸುತ್ತಾರೆ. ಸೊಸೆ ಆ ಕಡೆ ನೋಡುವುದಿಲ್ಲ.

ನಿವೃತ್ತಿಗೆ ಇನ್ನು ನಾಲ್ಕು ವರ್ಷವಿದೆ. ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಮಾತು ಮುಗಿದು ಪತ್ರಿಕೆಗೆ ಬರೆಯಲು ಬಂದವರು ಏಳುವ ಹೊತ್ತಿಗೆ, ಮುಚ್ಚಿದ್ದ ಬಾಗಿಲನ್ನು ತೆರೆಯುತ್ತ, "ಒಂದು ಕೇಳ್ಬಹುದಾ?" ಎನ್ನುತ್ತಾರೆ.

"ಪೇಪರಲ್ಲಿ ಹಾಕುವಾಗ ನೂರ ನಲವತ್ತಮೂರು ತಲುಪಿಸಿದ್ಳು ಅಂತ ಬರೀಬೇಡಿ. ನೂರ ನಲವತ್ತೆರಡು ಅಂತ ಬರೀರಿ. ಒಂದು ತಲುಪ್ಲಿಲ್ಲ."